ಆರೋಗ್ಯ ಕರ್ನಾಟಕದ ದುಡ್ಡಲ್ಲಿ ಆಶಾ ಕಾರ್ಯಕರ್ತೆಯರ ಮನೆ ಭೇಟಿಗೆ ಯಾಕೆ ಪಾಲಿಲ್ಲ?

ಹಿಪ್ಪುನೇರಳೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಅತ್ತಿಗೆ ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ಹಣ್ಣಾದ ದಿನ ಮನೆ ಮಂದಿಯೆಲ್ಲ ಹುಳು ಗೂಡು ಕಟ್ಟೋ ಚಂದ್ರಿಕೆ ಹಿಡಿದುಕೊಂಡು ಓಡಾಡುತ್ತಾ ಇದ್ದರೆ ಅತ್ತಿಗೆ ಮಾತ್ರ ಬ್ಯಾಗಿಗೆ ಥರ್ಮಾಮೀಟರು, ಮಗು ತೂಗುವ ಜೋಲಿ ತಕ್ಕಡಿ ಹಾಕಿಕೊಂಡು ಯಾರದೋ ಬಾಣಂತಿ ಮನೆಗೆ ಹೊರಟಿರುತ್ತಾರೆ. ಅಣ್ಣ ಗೊಣಗುತ್ತಾನೆ. ಅದು ಬೇರೆ ಕಥೆ ಬಿಡಿ.

ವಿಷಯ ಏನಂದ್ರೆ, ಹೋದ ವರ್ಷ ನಮ್ಮಪ್ಪನಿಗೆ ಹಾರ್ಟಿಗೆ ಸ್ಟೆಂಟ್ ಹಾಕಿಸಿದೆವು. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೇ ಎಲ್ಲ ಮುಗಿಯಿತು, ಆಸ್ಪತ್ರೆಗೆ ಕೈಯಿಂದ ಒಂದು ರೂಪಾಯಿ ಕೊಡಲಿಲ್ಲ. ಖುಷಿನೇ. ಆದರೆ ಅಪ್ಪನಿಗೆ ಬಿಪಿ ಇದೆ ಅಂತ ಮೊದಲು ಪತ್ತೆ ಹಚ್ಚಿದ್ದು ಅತ್ತಿಗೆ. 30 ದಾಟಿದವರ ಬಿಪಿ ಸಕ್ಕರೆ ಫಾರ್ಮ್ ತುಂಬುವಾಗ ಅನುಮಾನ ಬಂದು ಉಪಕೇಂದ್ರಕ್ಕೆ ಎಳೆದುಕೊಂಡು ಹೋಗಿ ಬಿಪಿ ನೋಡಿಸಿದ್ದು ಅವರು, ಅಪ್ಪ ಮಾತ್ರೆ ನುಂಗ್ತಾರಾ ಇಲ್ವಾ ಅಂತ ಪಟ್ಟಿ ಎಣಿಸಿ ಬೈದಿದ್ದೂ ಅವರು, ಎದೆ ಹಿಡಿದ ರಾತ್ರಿ ಗ್ಯಾಸು ಅಂತ ಮಲಗೋಕೆ ಬಿಡದೆ 108ಕ್ಕೆ ಫೋನ್ ಮಾಡಿದ್ದೂ ಅವರೇ. ಆಸ್ಪತ್ರೆಯ ಬಿಲ್ಲು ಪೂರ್ತಿ ಸರ್ಕಾರ ಕಟ್ಟಿತು. ಅತ್ತಿಗೆಗೆ ಆ ಫಾರ್ಮಿನ ಲೆಕ್ಕದಲ್ಲಿ ಬರೋದು 10 ರೂಪಾಯಿ.

ಈ ನಡುವೆ ಅಮೆರಿಕದಲ್ಲಿರೋ ನಮ್ಮ ಕಡೆಯವರೊಬ್ಬರು ಹೇಳಿದರು, ಅಲ್ಲೂ ನಮ್ಮ ಆಶಾ ಥರದವರು ಇದ್ದಾರಂತೆ, ಅವರ ಮನೆ ಭೇಟಿಗೆ ಬಡವರ ಸರ್ಕಾರಿ ವಿಮೆಯೇ ದುಡ್ಡು ಕೊಡುತ್ತಂತೆ, ಡಾಕ್ಟರ್ ಫೀಸಿನ ಥರ ಬಿಲ್ ಹಾಕ್ತಾರಂತೆ. ಇದು ನಿಜಾನಾ? ನಿಜ ಆದ್ರೆ ನಮ್ಮ 5 ಲಕ್ಷದ ಕಾರ್ಡಲ್ಲಿ ಅತ್ತಿಗೆ ಕೆಲಸಕ್ಕೆ ಒಂದು ಪಾಲು ಯಾಕೆ ಇಡಬಾರದು? ಯಾರನ್ನು ಕೇಳಬೇಕು? ಗೊತ್ತಿದ್ದವರು ಹೇಳಿ.

ಹಳೇ_ಇನ್ಸ್‌ಪೆಕ್ಟರ್

ಗೌರಿಬಿದನೂರು ಕಡೆಯವನು. ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ಈಗ ನಿವೃತ್ತ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲಿಗೆ, ಆ 5 ಲಕ್ಷ ನಿಮ್ಮ ಹೆಸರಲ್ಲಿ ಇಟ್ಟ ಠೇವಣಿ ಅಲ್ಲ. ವರ್ಷಕ್ಕೆ ಒಂದು ಕುಟುಂಬಕ್ಕೆ ಇಷ್ಟರ ತನಕ ಅಂತ ಮಿತಿ ಅಷ್ಟೇ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಇನ್ನೊಂದು ಮಾತು, ಎಲ್ಲರೂ ಇದನ್ನು ವಿಮೆ ಅಂತಾರೆ, ಆದರೆ ಕರ್ನಾಟಕದಲ್ಲಿ ಇದರ ಹಿಂದೆ ವಿಮಾ ಕಂಪನಿನೇ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಂತ ಸರ್ಕಾರದ್ದೇ ಒಂದು ಟ್ರಸ್ಟ್ ಆಸ್ಪತ್ರೆಗಳಿಗೆ ನೇರವಾಗಿ ದುಡ್ಡು ಕಟ್ಟುತ್ತೆ. ಆಯುಷ್ಮಾನ್ ಪಾಲಿನ ಖರ್ಚಿನಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಎಲ್ಲ ತೆರಿಗೆ ದುಡ್ಡು.

ಈಗ ಟ್ರಸ್ಟ್ ಯಾವುದಕ್ಕೆ ಕಟ್ಟುತ್ತೆ? ಪಟ್ಟಿಯಲ್ಲಿರೋ ಚಿಕಿತ್ಸೆಗೆ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್, ರಾಜ್ಯದ ಆರೋಗ್ಯ ಕರ್ನಾಟಕ ಎರಡೂ ಯೋಜನೆ ಸೇರಿಸಿದಾಗ ಪಟ್ಟಿಯಲ್ಲಿ 1650 ಚಿಕಿತ್ಸೆ ಇದ್ದವು. ಪ್ರತಿಯೊಂದಕ್ಕೂ ಒಂದು ಕೋಡ್, ಕೋಡಿಗೊಂದು ರೇಟು. ರೋಗಿ ದಾಖಲಾಗಬೇಕು, ಫೋಟೋ ಹೋಗಬೇಕು, ಡಿಸ್‌ಚಾರ್ಜ್ ಆಗಬೇಕು, ಆಗ ಕ್ಲೇಮು. ಹಾಸಿಗೆ ಇಲ್ಲ ಅಂದ್ರೆ ಕೋಡೂ ಇಲ್ಲ. ನಿಮ್ಮ ಅತ್ತಿಗೆ ಕೆಲಸ ಏನು? ಜನ ಆ ಹಾಸಿಗೆ ತನಕ ಹೋಗದ ಹಾಗೆ ನೋಡಿಕೊಳ್ಳೋದು. ಆಗದೇ ಇರೋ ದಾಖಲಾತಿಗೆ ಯಾವ ಕೋಡ್ ಹಾಕ್ತೀರಿ ಹೇಳಿ?

ಅತ್ತಿಗೆ ದುಡ್ಡು ಬರೋದು ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ. 2005ರಲ್ಲಿ ಶುರುವಾಗಿದ್ದು. ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಅನ್ನೋ ಲೆಕ್ಕ. ಅಲ್ಲೂ ಕೇಂದ್ರ 60, ರಾಜ್ಯ 40. ಅಂದ್ರೆ ಅದೇ ಸರ್ಕಾರ, ಅದೇ ಪಾಲು, ಆದರೆ ಎರಡು ಬೇರೆ ಬೇರೆ ಲೆಡ್ಜರ್. ಒಬ್ಬ ಆಶಾ ಹತ್ತು ಜನರ ಬಿಪಿ ಸಕ್ಕರೆ ಹದ್ದುಬಸ್ತಿನಲ್ಲಿಟ್ಟು ಒಂದು ಡಯಾಲಿಸಿಸ್ ತಪ್ಪಿಸಿದಳು ಅಂದುಕೊಳ್ಳಿ, ಉಳಿತಾಯ ಕಾಣೋದು ಟ್ರಸ್ಟಿನ ಲೆಡ್ಜರಲ್ಲಿ, ಖರ್ಚು ಬೀಳೋದು ಅಭಿಯಾನದ ಲೆಡ್ಜರಲ್ಲಿ. ಹಾಗಾಗಿ ಅಭಿಯಾನದ ಸಭೆಯಲ್ಲಿ ಆಶಾ ಅಂದ್ರೆ ಯಾವಾಗಲೂ ಖರ್ಚು. ನಾನು ಕೂತ ಸಭೆಗಳಲ್ಲೆಲ್ಲ ಹಾಗೇ ಮಾತಾಡಿದ್ದು. ಆಸ್ಪತ್ರೆ ಕ್ಲೇಮು ಕಮ್ಮಿ ಆಗಿದ್ದಕ್ಕೆ ಯಾರೂ ಆಶಾ ಹೆಸರು ತೆಗೆದಿದ್ದು ನಾನು ಕೇಳಿಲ್ಲ.

ಅಮೆರಿಕದ್ದು ನನಗೆ ಗೊತ್ತಿಲ್ಲ. ಅಲ್ಲಿರೋರು ಹೇಳಲಿ.

ಚಿಂತಾಮಣಿ_ಟು_ಮಿನ್ನೆಸೋಟ

ನಿಜಾನೇ. ನಾನು ಇಲ್ಲಿ ಒಂದು ಕ್ಲಿನಿಕ್ಕಿನ ಬಿಲ್ಲಿಂಗ್ ವಿಭಾಗದಲ್ಲಿದ್ದೇನೆ, ಅದಕ್ಕೆ ಸ್ವಲ್ಪ ಒಳಗಿನ ವಿಷಯ ಗೊತ್ತು. ಆದರೆ ಕೇಳಿದಷ್ಟು ಚೆನ್ನಾಗಿಲ್ಲ, ಮೊದಲೇ ಹೇಳಿಬಿಡ್ತೀನಿ.

ಇಲ್ಲಿ ಬಡವರ ವಿಮೆಗೆ ಮೆಡಿಕೈಡ್ ಅಂತಾರೆ, 65 ದಾಟಿದವರದ್ದು ಮೆಡಿಕೇರ್. ಎರಡೂ 1965ರವು. ಮೆಡಿಕೈಡ್ ಖರ್ಚನ್ನು ಒಕ್ಕೂಟ ಸರ್ಕಾರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಒಕ್ಕೂಟದ ಪಾಲು ಕಡಿಮೆ ಅಂದರೂ ಅರ್ಧ, ಬಡ ರಾಜ್ಯಗಳಿಗೆ ಇನ್ನೂ ಜಾಸ್ತಿ. ಯಾವ ಸೇವೆಗೆ ದುಡ್ಡು ಅನ್ನೋದರಲ್ಲಿ ರಾಜ್ಯಕ್ಕೆ ಸ್ವಲ್ಪ ಕೈ ಸಡಿಲ ಇದೆ. ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಮೆಡಿಕೈಡಿಂದ ಕೊಡಬಹುದು ಅಂತ ಕಾನೂನು ಮಾಡಿದ ಮೊದಲಿಗರಲ್ಲಿ ನಮ್ಮ ಮಿನ್ನೆಸೋಟನೂ ಒಂದು, 2007ರಲ್ಲಿ. ಆಮೇಲೆ 2014ರಿಂದ ಒಕ್ಕೂಟದ ನಿಯಮ ಸಡಿಲ ಆಯ್ತು. ಡಾಕ್ಟರೋ ಲೈಸೆನ್ಸ್ ಇರೋ ಬೇರೆಯವರೋ ಶಿಫಾರಸು ಮಾಡಿದರೆ, ತಡೆಗಟ್ಟುವ ಸೇವೆಯನ್ನು ಲೈಸೆನ್ಸ್ ಇಲ್ಲದವರೂ ಕೊಡಬಹುದು, ಅದಕ್ಕೂ ಮೆಡಿಕೈಡ್ ದುಡ್ಡು ಕೊಡಬಹುದು ಅಂತ. ಕ್ಯಾಲಿಫೋರ್ನಿಯಾ 2022ರ ಜುಲೈನಲ್ಲಿ ಸೇರಿಸಿಕೊಂಡಿತು. ಮೆಡಿಕೇರಲ್ಲಿ 2024ರ ಜನವರಿಯಿಂದ ಬಂತು.

ಈಗ ಬಿಲ್ ಹೆಂಗೆ ಅಂತ ನೋಡಿ. ನಮ್ಮ ರಾಜ್ಯದಲ್ಲಿ 30 ನಿಮಿಷ ಒಂದು ಯೂನಿಟ್. ಒಬ್ಬರಿಗೆ ಹೇಳಿಕೊಟ್ಟರೆ ಒಂದು ಕೋಡ್, 2ರಿಂದ 4 ಜನರ ಗುಂಪಿಗೆ ಇನ್ನೊಂದು, 5ರಿಂದ 8ಕ್ಕೆ ಮತ್ತೊಂದು. ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಗೊಂಡಿರಬೇಕು. ಮೇಲೆ ಒಬ್ಬ ಡಾಕ್ಟರೋ ನರ್ಸೋ ಇರಬೇಕು. ಎಲ್ಲಕ್ಕಿಂತ ಮುಖ್ಯ, ಆ 30 ನಿಮಿಷ ರೋಗಿಗೆ ತಿಳಿವಳಿಕೆ ಹೇಳೋದಕ್ಕೇ ಹೋಗಿರಬೇಕು. ಕಾರಲ್ಲಿ ಮುಕ್ಕಾಲು ಗಂಟೆ ಹೋಗಿದ್ದಕ್ಕೆ ಬಿಲ್ ಇಲ್ಲ. ಬಾಗಿಲು ತಟ್ಟಿದಾಗ ಮನೇಲಿ ಯಾರೂ ಇಲ್ಲದೆ ವಾಪಸ್ ಬಂದಿದ್ದಕ್ಕೂ ಬಿಲ್ ಇಲ್ಲ, ಅವರ ಬಾಡಿಗೆ ಮನೆ ಸಮಸ್ಯೆಗೆ ಹತ್ತು ಕಡೆ ಫೋನ್ ಮಾಡಿದ್ದಕ್ಕೂ ಇಲ್ಲ. ಅಸಲಿ ಕೆಲಸ ಅಲ್ಲೇ ಇರೋದು ಅಲ್ವಾ?

ಮೆಡಿಕೇರ್ ಕೋಡು ಸ್ವಲ್ಪ ವಾಸಿ. ತಿಂಗಳಿಗೆ ಮೊದಲ 60 ನಿಮಿಷಕ್ಕೆ ಒಂದು, ಆಮೇಲೆ ಪ್ರತಿ 30 ನಿಮಿಷಕ್ಕೆ ಇನ್ನೊಂದು, ಮನೆ, ಊಟ, ಓಡಾಟದ ತೊಂದರೆ ಬಗೆಹರಿಸೋದೂ ಅದರಲ್ಲಿ ಸೇರುತ್ತೆ. ಆದರೆ ಮೊದಲು ಡಾಕ್ಟರ್ ನೋಡಿರಬೇಕು. ಮೇಲೆ, ಬೇರೆ ವಿಮೆ ಇಲ್ಲದಿದ್ದರೆ ರೋಗಿ ತನ್ನ ಪಾಲಿನ 20 ಶೇಕಡ ಕಟ್ಟಬೇಕು. ಬಾಡಿಗೆ ಕಟ್ಟೋಕೆ ದುಡ್ಡಿಲ್ಲ ಅಂತ ಸಹಾಯ ಕೇಳಿಕೊಂಡು ಬಂದವಳಿಗೆ, ಸಹಾಯ ಮಾಡಿದ್ದಕ್ಕೆ ಬಿಲ್ ಕಳಿಸೋದು. ನಾನೇ ಕಳಿಸಿದ್ದೀನಿ, ಕೆಲಸ ಅದು.

ಇಷ್ಟೆಲ್ಲ ಇದ್ದೂ ಎಷ್ಟೋ ಕ್ಲಿನಿಕ್‌ಗಳು ಇವರಿಗೆ ಈಗಲೂ ದಾನದ ದುಡ್ಡು, ಗ್ರಾಂಟ್ ದುಡ್ಡಲ್ಲೇ ಸಂಬಳ ಕೊಡ್ತಾವೆ. ಬಿಲ್ಲಿಂದ ಬರೋದು ಸಂಬಳಕ್ಕೆ ಸಾಲಲ್ಲ. ಗ್ರಾಂಟ್ ಮುಗಿದರೆ ಕೆಲಸವೂ ಮುಗಿಯಿತು. 2025ರ ಜುಲೈನಲ್ಲಿ ಮೆಡಿಕೈಡ್‌ಗೇ ದೊಡ್ಡ ಕತ್ತರಿ ಹಾಕೋ ಕಾನೂನು ಬಂದಿದೆ, ಮುಂದೆ ಏನೋ.

ಒಂದು ಒಳ್ಳೆ ಲೆಕ್ಕವನ್ನೂ ಹೇಳಿಬಿಡ್ತೀನಿ. ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇಂಥ ಕಾರ್ಯಕರ್ತರ ಒಂದು ಕಾರ್ಯಕ್ರಮ ನಡೆಸ್ತಾರೆ. 2020ರಲ್ಲಿ ಲೆಕ್ಕ ಹಾಕಿದಾಗ, ಇದಕ್ಕೆ ಹಾಕಿದ ಪ್ರತಿ 1 ಡಾಲರಿಗೆ ಮೆಡಿಕೈಡಿಗೆ ಅದೇ ಹಣಕಾಸು ವರ್ಷದಲ್ಲಿ 2.47 ಡಾಲರ್ ವಾಪಸ್ ಬಂದಿತ್ತು, ಜನ ಆಸ್ಪತ್ರೆ ಸೇರೋದು ಕಮ್ಮಿ ಆಗಿ. ಅದರಲ್ಲಿ ಗಮನಿಸಬೇಕಾದ್ದು, ಅವರೆಲ್ಲ ಸಂಬಳದ ಮೇಲಿದ್ದವರು. 30 ನಿಮಿಷದ ಗಡಿಯಾರ ನೋಡಿಕೊಂಡು ಕೆಲಸ ಮಾಡಿದವರಲ್ಲ.

ಗಡಿನಾಡ_ಆಶಾ

ನಾನು ಆಶಾ. ಬಾಗೇಪಲ್ಲಿ ಕಡೆ. ಮನೇಲಿ ತೆಲುಗು, ಬರೆಯೋದು ಕನ್ನಡ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೇಲಿನವರು ಹೇಳಿದ್ದು ಓದಿ ನಗು ಬಂತು. ಅಮೆರಿಕದಲ್ಲಿ ಕೆಲಸಕ್ಕೊಂದು ರೇಟು ಅಂತ ಈಗ ಶುರು ಮಾಡ್ತಿದ್ದಾರಾ? ನಾವು ಅದರಲ್ಲೇ ಇಷ್ಟು ವರ್ಷ ತೆಗೆದಿದ್ದೀವಿ. ಹಳ್ಳಿ ಗರ್ಭಿಣಿಗೆ ಪೂರ್ತಿ ತಪಾಸಣೆ ಮಾಡಿಸಿದ್ರೆ 300, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ರೆ 300. ಮಗುಗೆ ವರ್ಷದೊಳಗಿನ ಎಲ್ಲ ಚುಚ್ಚುಮದ್ದು ಆದ್ರೆ 100, ಎರಡನೇ ವರ್ಷದ್ದು ಆದ್ರೆ 75. ಟಿಬಿ ರೋಗಿ ಮಾತ್ರೆ ಪೂರ್ತಿ ಮುಗಿಸಿದ್ರೆ 1000. ಬಿಪಿ ಸಕ್ಕರೆ ಫಾರ್ಮಿಗೆ 10. ಇನ್ನು ಯಾವ ಕೋಡ್ ಬೇಕು ನಮಗೆ?

ಒಂದೇ ಒಂದು ಉದಾಹರಣೆ ಹೇಳ್ತೀನಿ, ಬೇರೆ ಹೇಳಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಮನೆಗೆ ಬಂದ ಮೇಲೆ ನಾವು ಆರು ಸಲ ಹೋಗಬೇಕು. 3ನೇ ದಿನ, 7, 14, 21, 28, ಆಮೇಲೆ 42ನೇ ದಿನ. ಹೋಗಿ ಕೈ ತೊಳೆದು, ಮಗುನ ಜೋಲಿಗೆ ಹಾಕಿ ತೂಕ ನೋಡಿ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಹೊಕ್ಕುಳು ನೋಡಿ, ಹಾಲು ಎಳೀತಿದ್ಯಾ ನೋಡಿ, ಬಾಣಂತಿಗೆ ಜ್ವರ ಇದ್ಯಾ ಕೇಳಿ, ಫಾರ್ಮಲ್ಲಿ ಬರೆದು ಸಹಿ ಹಾಕಿಸಬೇಕು. ಅಜ್ಜಿ ಮಗುಗೆ ಎಣ್ಣೆ ನೀರು ಹಾಕೋ ಹೊತ್ತಿಗೆ ಹೋದ್ರೆ ಒಂದು ಗಂಟೆ ಕಾಯಬೇಕು. ಆರೂ ಆದ್ಮೇಲೆ 250 ರೂಪಾಯಿ. ಒಂದು ಸಲಕ್ಕೆ 42 ರೂಪಾಯಿ ಬಿತ್ತು.

ಈಗ ಕೇಳಿ. ನಮ್ಮ ಕಡೆ ಸೀಮಂತ ಆದ್ಮೇಲೆ ಹುಡುಗಿ ತವರಿಗೆ ಹೋಗ್ತಾಳೆ. ಗರ್ಭಿಣಿ ಅಂತ ಹೆಸರು ಬರೆಸಿದ್ದು ಗಂಡನ ಊರಲ್ಲಿ, ಅಲ್ಲಿನ ಆಶಾ ಏಳು ತಿಂಗಳು ನೋಡಿಕೊಂಡಿರ್ತಾಳೆ. ಕೊನೆ ತಪಾಸಣೆ ಮತ್ತೆ ಹೆರಿಗೆ ತವರಲ್ಲಿ. ಬಾಣಂತನ ಮೂರು ತಿಂಗಳು, ಐದು ತಿಂಗಳು ಅಲ್ಲೇ. ಆರು ಭೇಟಿ ಮಾಡೋದು ತವರಿನ ಆಶಾ. ನಮ್ಮ ಕೆಲಸ ದಾಖಲಿಸೋ ಪೋರ್ಟಲಲ್ಲಿ ಮಾತ್ರ ಹುಡುಗಿ ಇನ್ನೂ ಗಂಡನ ಊರಲ್ಲೇ ಕೂತಿರ್ತಾಳೆ. ನಮ್ಮ ಕಡೆ ತವರು ಗೋರಂಟ್ಲದಲ್ಲೋ ಹಿಂದೂಪುರದಲ್ಲೋ ಇರುತ್ತೆ, ಅಂದ್ರೆ ಆಂಧ್ರ. ಆಗ ರಾಜ್ಯಾನೇ ಬೇರೆ. ಯಾರ ಕೆಲಸ ಯಾರ ಲೆಕ್ಕಕ್ಕೆ ಅಂತ ಕೇಳಿದ್ರೆ ಎಂಟ್ರಿ ಆಗಿಲ್ಲಮ್ಮ ಅಂತಾರೆ ಅಷ್ಟೇ. ಆ ಹುಡುಗಿಗೆ ರಕ್ತ ಕಮ್ಮಿ ಇದೆ ಅಂತ ನಾನು ಕಬ್ಬಿಣದ ಮಾತ್ರೆ ನುಂಗಿಸಿ ನುಂಗಿಸಿ ಹೆರಿಗೆಗೆ ಸರಿ ಮಾಡಿ ಕಳಿಸಿರ್ತೀನಿ. ದುಡ್ಡು ಹೋಗಲಿ, ಕಾಗದದಲ್ಲಿ ನಾನು ಏನೂ ಮಾಡೇ ಇಲ್ಲ.

ಇದರ ಮೇಲೆ ಇನ್ನೊಂದು ವಿಮೆ ಕೋಡ್ ಬಂದ್ರೆ ಇನ್ನೊಂದು ಪೋರ್ಟಲ್ ಬರುತ್ತೆ. ಇನ್ನೊಂದು ಒಟಿಪಿ. ಬೇಡಪ್ಪ. ನಮ್ಮ ಬೇಡಿಕೆ ಒಂದೇ, ತಿಂಗಳಿಗೆ ಇಷ್ಟು ಅಂತ ಗಟ್ಟಿಯಾಗಿ ಕೊಡಿ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳಿಯಲ್ಲಿ ಮಲಗಿದ್ದು ಇದಕ್ಕೇ. ರಾಜ್ಯದ 5000 ಮತ್ತೆ ಕೇಂದ್ರದ ಪ್ರೋತ್ಸಾಹಧನ ಸೇರಿ 10 ಸಾವಿರಕ್ಕೆ ಕಮ್ಮಿ ಆಗದ ಹಾಗೆ ಏಪ್ರಿಲಿಂದ ಕೊಡ್ತೀವಿ ಅಂತ ಮುಖ್ಯಮಂತ್ರಿಗಳು ಹೇಳಿದ ಮೇಲೆ ಎದ್ದು ಬಂದ್ವಿ. ಆಗಸ್ಟಲ್ಲಿ ಮತ್ತೆ ಧರಣಿ ಕೂರಬೇಕಾಯ್ತು. ರಾಜ್ಯದಲ್ಲಿ ಸುಮಾರು 42 ಸಾವಿರ ಜನ ಇದ್ದೀವಿ ನಾವು.

ಒಂದು ಸಮಾಧಾನ ಏನಂದ್ರೆ 2024ರ ಫೆಬ್ರವರಿ ಬಜೆಟ್ಟಲ್ಲಿ ಆಶಾಗಳಿಗೂ ಆಯುಷ್ಮಾನ್ ಕಾರ್ಡ್ ಅಂದ್ರು. ನಾವು ಓಡಾಡಿ ಓಡಾಡಿ ಬಿದ್ದರೆ 5 ಲಕ್ಷದ ತನಕ ಸಿಗುತ್ತೆ. ಎದ್ದು ಓಡಾಡೋದಕ್ಕೆ 42 ರೂಪಾಯಿ.

ತೆರಿಗೆ_ಕಟ್ಟೋನು

ಆಶಾಗಳ ಬಗ್ಗೆ ಗೌರವ ಇದೆ. ಕೋವಿಡ್‌ನಲ್ಲಿ ನಮ್ಮ ಬೀದಿಗೆ ಬಂದವರು ಅವರೊಬ್ಬರೇ. ಆದರೂ ಒಂದು ಮಾತು. ಕೆಲಸಕ್ಕೆ ತಕ್ಕ ದುಡ್ಡು ಅಂತ ಇಟ್ಟಿದ್ದಕ್ಕೇ ಹೆರಿಗೆಗಳು ಆಸ್ಪತ್ರೆಗೆ ಬಂದವು, ಚುಚ್ಚುಮದ್ದು ಜಾಸ್ತಿ ಆಯ್ತು. ತಿಂಗಳಿಗೆ ಸಂಬಳ ಅಂದ್ರೆ ನಾಳೆ ಬೇರೆ ಸರ್ಕಾರಿ ಕಚೇರಿ ಥರಾನೇ ಆಗುತ್ತೆ. ಹಾಗಂತ ವಿಮೆಯಿಂದ ಪ್ರತಿ ಭೇಟಿಗೆ ದುಡ್ಡು ಅಂದ್ರೆ ಹೋಗದೇ ಇರೋ ಭೇಟಿಗೆಲ್ಲ ಬಿಲ್ ಬೀಳುತ್ತೆ. ಮನೆ ಒಳಗೆ ಹೋದ್ರಾ ಇಲ್ವಾ ಯಾರು ನೋಡ್ತಾರೆ? ಎರಡೂ ಕಡೆ ಕಷ್ಟ.

ಗಡಿನಾಡ_ಆಶಾ

ಸ್ವಾಮಿ, ನಾನು ಭೇಟಿಗೆ ಹೋಗದೆ ಬರೆದರೆ ಸಂಜೆ ಹಾಲಿನ ಡೈರಿ ಹತ್ತಿರ ಆ ಅಜ್ಜಿನೇ ನನ್ನ ಮಾನ ತೆಗೀತಾಳೆ. ಅದೇ ಊರಲ್ಲಿ ಸೊಸೆಯಾಗಿ ಬಾಳೋಳು ನಾನು. ನಿಮ್ಮ ಆಡಿಟ್ಟಿಗಿಂತ ಅದು ಗಟ್ಟಿ.

ಹಳೇ_ಇನ್ಸ್‌ಪೆಕ್ಟರ್

ತೆರಿಗೆ ಕಟ್ಟೋರ ಮೊದಲ ಮಾತಿನಲ್ಲಿ ಅರ್ಧ ನಿಜ ಇದೆ. ಎಣಿಸೋಕೆ ಆಗೋ ಕೆಲಸಕ್ಕೆ ರೇಟು ಕಟ್ಟಿದ್ರೆ ಆ ಕೆಲಸ ಜಾಸ್ತಿ ಆಗುತ್ತೆ. ಹೆರಿಗೆ, ಚುಚ್ಚುಮದ್ದು ಎಣಿಸಬಹುದು, ಆಗಿದ್ಯೋ ಇಲ್ವೋ ಅಷ್ಟೇ. ಬಿಪಿ ಸಕ್ಕರೆ ಹಾಗಲ್ಲ. ಪ್ರಶ್ನೆ ಕೇಳಿದವರ ಅಪ್ಪನ್ನ ಹತ್ತು ವರ್ಷ ಬೆನ್ನು ಬಿದ್ದು ಮಾತ್ರೆ ನುಂಗಿಸೋದಕ್ಕೆ ಕೊನೆ ಅನ್ನೋದೇ ಇಲ್ಲ. ಆಶಾ ಪ್ರೋತ್ಸಾಹಧನದ ಪಟ್ಟಿಯಲ್ಲಿ ಏನೋ ಇಟ್ಟಿದ್ದಾರೆ, ಒಬ್ಬ ರೋಗಿಯ ಮೇಲೆ ನಿಗಾ ಇಡೋದಕ್ಕೆ ಆರು ತಿಂಗಳಿಗೆ 50 ರೂಪಾಯಿ. ವರ್ಷಗಟ್ಟಲೆ ಇರೋ ಕಾಯಿಲೆಗೂ ಎಣಿಸೋ ಕೆಲಸದ ರೇಟನ್ನೇ ಹೊಲಿದ ಹಾಗಿದೆ.

ಮೋಸದ ವಿಷಯಕ್ಕೆ ಬಂದರೆ, ಬರೀ ಆಶಾಗಳ ಮೇಲೆ ಯಾಕೆ ಕಣ್ಣು? 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ವರದಿ ಬಂತಲ್ಲ, ಆಯುಷ್ಮಾನ್ ಪಟ್ಟಿಯಲ್ಲಿ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಅಂಟಿಕೊಂಡಿದ್ರು. ಅದಕ್ಕೆ ಅಂತ ಆಸ್ಪತ್ರೆಗಳಿಗೆ ಕ್ಲೇಮು ನಿಲ್ಲಿಸಿದ್ರಾ? ಸರಿ ಮಾಡಿಕೊಳ್ಳಿ ಅಂದ್ರು, ಯೋಜನೆ ನಡೀತು. ಆಶಾಗೂ ಅದೇ ನ್ಯಾಯ ಇರಲಿ.

ಈಗ ಮೂಲ ಪ್ರಶ್ನೆಗೆ. ಟ್ರಸ್ಟಿನ ದುಡ್ಡು ಆಶಾಗೆ ಮುಟ್ಟೋದು ನನ್ನ ಮಟ್ಟಿಗೆ ತಪ್ಪಲ್ಲ, ಸರಿಯೇ. ಆದರೆ ಭೇಟಿಗಿಷ್ಟು ಅಂತ ಬಿಲ್ಲಿನ ರೂಪದಲ್ಲಿ ಬೇಡ. ತಲೆಗಿಷ್ಟು ಅಂತ ಲೆಕ್ಕ ಹಾಕಲಿ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಳಗೆ ಎಷ್ಟು ಕಾರ್ಡುದಾರರಿದ್ದಾರೋ ಅಷ್ಟು ಜನರ ಮೇಲೆ ವರ್ಷಕ್ಕೊಂದು ಮೊತ್ತ ಮುಂಗಡವಾಗಿ ಬರಲಿ, ಅದರಿಂದ ಆಶಾಗಳ ತಿಂಗಳ ಗೌರವಧನ ಗಟ್ಟಿ ಆಗಲಿ. ಯಾರು ಎಷ್ಟು ಸಲ ಹೋದರು ಅನ್ನೋ ಲೆಕ್ಕ ಬೇಡ. ಈ ವರ್ಷ ಆ ಕೇಂದ್ರದ ವ್ಯಾಪ್ತಿಯಿಂದ ಪಾರ್ಶ್ವವಾಯು, ಕಿಡ್ನಿ, ಹಾರ್ಟು ಅಂತ ಎಷ್ಟು ಜನ ದಾಖಲಾದರು ಅಂತ ನೋಡಲಿ. ಆ ಲೆಕ್ಕ ಟ್ರಸ್ಟಿನ ಕಂಪ್ಯೂಟರಲ್ಲಿ ಈಗಾಗಲೇ ಇದೆ, ಹೊಸ ಫಾರ್ಮ್ ಬೇಕಾಗಿಲ್ಲ.

ಅದಕ್ಕೂ ಸಣ್ಣದಾಗಿ ಶುರು ಮಾಡೋಕೆ ಒಂದು ಸಂದಿ ಇದೆ. ಆಯುಷ್ಮಾನ್ ಪ್ಯಾಕೇಜಲ್ಲಿ ಆಸ್ಪತ್ರೆಗೆ ಸೇರೋ ಮುಂಚಿನ 3 ದಿನ ಮತ್ತು ಬಿಟ್ಟ ಮೇಲಿನ 15 ದಿನದ ಔಷಧಿ, ಪರೀಕ್ಷೆ ಎಲ್ಲ ಸೇರಿದೆ. ಅಂದ್ರೆ ಡಿಸ್‌ಚಾರ್ಜ್ ಆದ ಮೇಲೂ ಹೊಣೆ ಇದೆ ಅಂತ ಯೋಜನೆಯೇ ಒಪ್ಪಿಕೊಂಡಿದೆ. ಬೆಂಗಳೂರಲ್ಲಿ ಸ್ಟೆಂಟ್ ಹಾಕಿದವರು ಶಿಡ್ಲಘಟ್ಟದ ಹಳ್ಳಿಗೆ ಬಂದು ನೋಡಲ್ಲ. ನೋಡೋರು ಯಾರು? ಆ 15 ದಿನದ ಮನೆ ನಿಗಾ ಆಶಾದ್ದು, ಪ್ಯಾಕೇಜಲ್ಲಿ ಅದರ ಪಾಲು ಇಷ್ಟು, ಅದು ಆಸ್ಪತ್ರೆ ಕೈಗೆ ಹೋಗದೆ ನೇರ ಅವರ ಖಾತೆಗೆ ಅಂತ ಮಾಡೋಕೆ ದೊಡ್ಡ ಕಾನೂನೇನೂ ಬೇಕಿಲ್ಲ.

ಇನ್ನು ಅಮೆರಿಕಕ್ಕಿಂತ ಬ್ರೆಜಿಲ್ ನೋಡಿ. ಅಲ್ಲೂ ನಮ್ಮ ಹಾಗೆ ಬಡವರು ಜಾಸ್ತಿ ಇರೋ ದೊಡ್ಡ ದೇಶ. 1994ರಿಂದ ಕುಟುಂಬ ಆರೋಗ್ಯ ತಂಡ ಅಂತ ಡಾಕ್ಟರ್, ನರ್ಸ್, ಜೊತೆಗೆ ಅದೇ ಬೀದಿಯ ಕಾರ್ಯಕರ್ತರು. 2022ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ಇವರ ಸಂಬಳ ಎರಡು ಕನಿಷ್ಠ ವೇತನಕ್ಕಿಂತ ಕಮ್ಮಿ ಇರಬಾರದು, ಅದನ್ನು ಒಕ್ಕೂಟ ಸರ್ಕಾರವೇ ಕೊಡಬೇಕು ಅಂತ ಬರೆದರು. ಬಿಲ್ಲೂ ಇಲ್ಲ, ಕೋಡೂ ಇಲ್ಲ.

ಮುಳಬಾಗಿಲು_ದೋಸೆ

ಪಕ್ಕದ ಜಿಲ್ಲೆಯಿಂದ ಒಂದು ಸೇರಿಸ್ತೀನಿ. ಗೃಹ ಆರೋಗ್ಯ ಅಂತ ಯೋಜನೆ 2024ರ ಅಕ್ಟೋಬರಲ್ಲಿ ಮೊದಲು ಶುರುವಾಗಿದ್ದು ನಮ್ಮ ಕೋಲಾರದಲ್ಲೇ. ಮನೆ ಬಾಗಿಲಿಗೆ ಬಂದು 30 ದಾಟಿದವರ ಬಿಪಿ, ಸಕ್ಕರೆ, ಬಾಯಿ ಕ್ಯಾನ್ಸರ್ ಎಲ್ಲ ನೋಡೋದು. ಮುಂದಿನ ವರ್ಷ ರಾಜ್ಯಕ್ಕೆಲ್ಲ ಹರಡಿದ್ರು. ಐಡಿಯಾ ಒಳ್ಳೇದು, ನಮ್ಮಮ್ಮನಿಗೆ ಸಕ್ಕರೆ ಇರೋದು ಗೊತ್ತಾಗಿದ್ದೇ ಹಾಗೆ. ಆದರೆ ಬಂದ ತಂಡದಲ್ಲಿ ಮನೆ ಮನೆ ತೋರಿಸಿ, ನಾಯಿ ಕಟ್ಟಿಸಿ, ಹೊಲಕ್ಕೆ ಹೋದವರನ್ನ ಕೂಗಿ ಕರೆದಿದ್ದು ಆಶಾ ಅಕ್ಕ. ಯಂತ್ರ ಹಿಡಿದವರಿಗೆ ಸಂಬಳ, ದಾರಿ ತೋರಿಸಿದವರಿಗೆ ಪ್ರೋತ್ಸಾಹಧನ. ಹಳೇ ಇನ್ಸ್‌ಪೆಕ್ಟರ್ ಹೇಳಿದ ತಲೆ ಲೆಕ್ಕಕ್ಕೆ ಈ ಮನೆ ಮನೆ ಪಟ್ಟಿನೇ ಸಾಕಲ್ವಾ? ಯಾರಿಗೆ ಏನಿದೆ ಅಂತ ಎಲ್ಲ ಬರೆದುಕೊಂಡು ಹೋಗಿದ್ದಾರೆ.

ಹಿಪ್ಪುನೇರಳೆ_ಶಿಡ್ಲಘಟ್ಟ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ. ಅತ್ತಿಗೆಗೆ ಓದಿ ಹೇಳಿದೆ. ಬ್ರೆಜಿಲ್ ವಿಷಯಕ್ಕೆ ಏನೂ ಅನ್ನಲಿಲ್ಲ, ತವರುಮನೆ ಎಂಟ್ರಿ ವಿಷಯ ಬಂದಾಗ ಮಾತ್ರ ಎದ್ದು ಕೂತರು. ಅವರದ್ದೂ ಅದೇ ಗೋಳು. ಚೇಳೂರು ಕಡೆ ತವರಿಗೆ ಹೋದ ಎರಡು ಕೇಸು ಹಂಗೇ ನಿಂತಿವೆಯಂತೆ.

ಇನ್ನೊಂದು ಡೌಟು. ಸರ್ಕಾರಿ ತಾಲೂಕು ಆಸ್ಪತ್ರೆಗೂ ಆರೋಗ್ಯ ಕರ್ನಾಟಕದ ಕ್ಲೇಮು ಬರುತ್ತೆ ಅಂತಾರಲ್ಲ, ಆ ದುಡ್ಡು ಏನಾಗುತ್ತೆ? ಅದರಲ್ಲಿ ಆಶಾಗಳಿಗೆ ಕೊಡೋಕೆ ಆಗಲ್ವಾ?

ಹಳೇ_ಇನ್ಸ್‌ಪೆಕ್ಟರ್

ಒಳ್ಳೆ ಪ್ರಶ್ನೆ. ಹೌದು, ಸರ್ಕಾರಿ ಆಸ್ಪತ್ರೆಗೂ ಕ್ಲೇಮು ಬರುತ್ತೆ. ಅದು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಖಾತೆಗೆ ಹೋಗುತ್ತೆ. ಅದರಿಂದ ಆಸ್ಪತ್ರೆಗೆ ಬೇಕಾದ್ದು ತಗೋಬಹುದು, ಒಂದು ಪಾಲು ಚಿಕಿತ್ಸೆ ಕೊಟ್ಟ ಸಿಬ್ಬಂದಿಗೆ ಪ್ರೋತ್ಸಾಹಧನವಾಗಿ ಹಂಚಬಹುದು ಅಂತ ಆಯುಷ್ಮಾನ್ ಮಾರ್ಗಸೂಚಿಯಲ್ಲೇ ಇದೆ. ಡಾಕ್ಟರು, ನರ್ಸು, ಆಪರೇಷನ್ ಥಿಯೇಟರಿನವರು ಹೀಗೆ. ರೋಗಿನ ಆಸ್ಪತ್ರೆ ತನಕ ತಂದು ಬಿಟ್ಟ ಆಶಾ ಆ ಹಂಚಿಕೆಯಲ್ಲಿ ಬರಲ್ಲ, ಯಾಕಂದ್ರೆ ಅವಳು ಆಸ್ಪತ್ರೆ ಸಿಬ್ಬಂದಿನೇ ಅಲ್ಲ, ಲೆಕ್ಕದಲ್ಲಿ ಸ್ವಯಂಸೇವಕಿ. ಇದನ್ನು ಬದಲಿಸೋದು ತಾಲೂಕು ಸಮಿತಿ ಕೈಲಿಲ್ಲ, ಬೆಂಗಳೂರಿಂದ ಆದೇಶ ಬರಬೇಕು. ಆದರೂ ಸಮಿತಿ ಸಭೆಯಲ್ಲಿ ಒಂದು ನಿರ್ಣಯ ಬರೆಸಿ ಮೇಲಕ್ಕೆ ಕಳಿಸೋಕೆ ಯಾರ ಅಡ್ಡಿಯೂ ಇಲ್ಲ. ನಿಮ್ಮ ಶಾಸಕರನ್ನು ಹಿಡೀರಿ, ನಿರ್ಣಯ ಬೇಗ ಆಗುತ್ತೆ.

ತವರುಮನೆ ಕೇಸಿಗೆ ಸುಮ್ನೆ ಕೂರಬೇಡಿ. ತಾಯಿ ಕಾರ್ಡಿನ ಎರಡೂ ಕಡೆ ಜೆರಾಕ್ಸ್, ಆರು ಭೇಟಿಯ ಫಾರ್ಮು, ಡಿಸ್‌ಚಾರ್ಜ್ ಚೀಟಿ ಮೂರನ್ನೂ ಇಟ್ಟು, ಎರಡೂ ಊರಿನ ಆಶಾಗಳು ಸಹಿ ಹಾಕಿ, ವೈದ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಡಲಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಲಿ, ಬಾಯಲ್ಲಿ ಹೇಳಿದ್ದು ನಿಲ್ಲಲ್ಲ. ಆಮೇಲೆ ತಾಲೂಕು ಆಶಾ ಮೇಲ್ವಿಚಾರಕರಿಗೆ ಒಂದು ಪ್ರತಿ.

ಗಡಿನಾಡ_ಆಶಾ

ಎರಡೂ ಊರಿನ ಆಶಾ ಸಹಿ ಅಂದ್ರಲ್ಲ, ಆಂಧ್ರದ ಆಶಾ ಸಹಿ ಹಾಕಿದ್ರೆ ಇಲ್ಲಿ ಒಪ್ತಾರಾ?

ಹಳೇ_ಇನ್ಸ್‌ಪೆಕ್ಟರ್

ನಮ್ಮ ಕಾಲದಲ್ಲಿ ಒಪ್ಪಿದ್ದೂ ಇದೆ, ವಾಪಸ್ ಕಳಿಸಿದ್ದೂ ಇದೆ. ಅಲ್ಲಿನ ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿಗೆ ಸೀಲು ಇದ್ದರೆ ಗರ್ಭಿಣಿ ತಪಾಸಣೆಯ 300 ಕೇಳಿ, ಅದು ನಿಮ್ಮ ಕೆಲಸ. ಆರು ಭೇಟಿಯ 250 ಅಲ್ಲಿನವರದ್ದು, ಅದನ್ನ ಬಿಟ್ಟುಬಿಡಿ.